ಅಮ್ಮನಿಗೆ ಆಗದ ಡಿಶ್‌ವಾಷರ್

ಒಂದು ಮನೆಯಲ್ಲಿ ನನ್ನ ಹೆಸರಿನಲ್ಲೊಂದು ಕಾನೂನು ಜಾರಿಯಲ್ಲಿತ್ತು, ಅದು ನನ್ನೊಬ್ಬಳನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೂತು, ಬಂದ ಕಡತಗಳ ಮೇಲೆಲ್ಲ ‘ಇದಕ್ಕೆ ಯಾರ ಒಪ್ಪಿಗೆ?’ ಎಂದು ಬರೆದು ವಾಪಸ್ಸು ಕಳಿಸಿಯೇ ನಿವೃತ್ತಳಾದವಳು ನಾನು. ನನ್ನ ಸೆಕ್ಷನ್ನಿನಲ್ಲಿ ಸಹಿಯಿಲ್ಲದೆ ಒಂದು ಪೆನ್ಸಿಲ್ ಕೂಡ ಅಲುಗುತ್ತಿರಲಿಲ್ಲ. ಅಂಥ ಚಂದ್ರಾವತಿಯ ಹೆಸರನ್ನು ಅವಳ ಸ್ವಂತ ಮಗ ಅವಳಿಗೊಂದು ಮಾತು ಕೇಳದೆ ಬಳಸಿಕೊಂಡ, ಅದೂ ಒಂದು ಡಿಶ್‌ವಾಷರ್ ಬೇಡವೆನ್ನುವುದಕ್ಕೆ. ನೆನೆಸಿದರೆ ಈಗಲೂ ಮೈ ಉರಿಯುತ್ತದೆ. ಆದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ.

ನಾನು ಕುಂಬಳೆಯ ಕಡೆಯವಳು. ಮದುವೆಯಾಗಿ ತಿರುವನಂತಪುರಕ್ಕೆ ಬಂದೆ. ಗಂಡ ಯಜ್ಞನಾರಾಯಣರಿಗೆ ಬ್ಯಾಂಕಿನಲ್ಲಿ ಕೆಲಸ, ನನಗೆ ಕಚೇರಿ. ಶ್ರೀಕಾರ್ಯಂನಲ್ಲಿ ನನ್ನ ಪಿ.ಎಫ್. ಒಡೆದು ಒಂದು ಸಣ್ಣ ಫ್ಲ್ಯಾಟು ಕೊಂಡೆವು. ಪತ್ರವೂ ನನ್ನ ಹೆಸರಿನಲ್ಲೇ ಇದೆ. ಅವರು ತೀರಿಕೊಂಡು ಎರಡು ವರ್ಷವಾಯಿತು. ಒಬ್ಬನೇ ಮಗ ಆದರ್ಶ್ ಕೊಚ್ಚಿಯ ಐಟಿ ಪಾರ್ಕಿನಲ್ಲಿದ್ದಾನೆ. ಸೊಸೆ ಹರ್ಷಿತಾ ಮೈಸೂರಿನವಳು, ಅವಳಿಗೂ ಅಲ್ಲೇ ಬೇರೊಂದು ಕಂಪನಿಯಲ್ಲಿ ಕೆಲಸ. ವೈಟ್ಟಿಲದ ಹತ್ತಿರ ಅವರ ಫ್ಲ್ಯಾಟು. ಮೊಮ್ಮಗಳು ಅಪೂರ್ವಾ ನಾಲ್ಕನೇ ಕ್ಲಾಸು, ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳಂನಲ್ಲಿ ಉತ್ತರ ಕೊಡುವ ಮಗು.

ಆದರ್ಶ್ ಫೋನು ಮಾಡಿದಾಗಲೆಲ್ಲ ಒಂದೇ ರಾಗ. “ಅಲ್ಲಿ ಒಬ್ಳೇ ಕೂತು ಎಂತ ಮಾಡ್ತಿ ಅಮ್ಮ? ಇಲ್ಲಿಗೆ ಬಾ. ಆ ಫ್ಲ್ಯಾಟು ಬಾಡಿಗೆಗೆ ಕೊಡುವ.” ಕೊನೆಗೆ ಅವನೇ ಬಾಡಿಗೆಯವರನ್ನೂ ಹುಡುಕಿದ. ಶ್ರೀಕಾರ್ಯಂನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಅಭಿಜಿತ್ ಎಂಬ ಹುಡುಗ, ಹೊಸದಾಗಿ ಮದುವೆಯಾದವನು, ಒಳ್ಳೆಯವನೇ. ನಾನು ಮಾತ್ರ ಕೀಲಿಕೈ ಕೊಡಲಿಲ್ಲ. ಮೊದಲು ಹೋಗಿ ಇದ್ದು ನೋಡುತ್ತೇನೆ, ಮನಸ್ಸಿಗೆ ಬಂದರೆ ಆಮೇಲೆ ಕೊಡುತ್ತೇನೆ ಎಂದು ಹೇಳಿ ಕೊಚ್ಚಿಗೆ ಹೊರಟೆ. ಒಂದು ಸಲ ಆ ಕೀಲಿಕೈ ಕೈಬಿಟ್ಟರೆ ನನ್ನದು ಅಂತ ಒಂದು ಬಾಗಿಲು ಈ ಭೂಮಿಯ ಮೇಲೆ ಉಳಿಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಕೊಚ್ಚಿಯಲ್ಲಿ ನನ್ನನ್ನು ಯಾರೂ ಸಿಂಕಿನ ಮುಂದೆ ನಿಲ್ಲಿಸಲಿಲ್ಲ. ನಾನೇ ಹೋಗಿ ನಿಂತೆ. ಬೆಳಿಗ್ಗೆ ಮೂವರೂ ಓಡಿದ ಮೇಲೆ ಅಡುಗೆಮನೆಗೆ ಕಾಲಿಟ್ಟರೆ ದೋಸೆ ಕಾವಲಿ, ಮಿಕ್ಸಿ ಜಾರು, ಕುಕ್ಕರು, ತಳ ಹಿಡಿದ ಹಾಲಿನ ಪಾತ್ರೆ, ಯಾವುದಕ್ಕೂ ಹೊಂದದ ಟಿಫಿನ್ ಡಬ್ಬಿಯ ಮುಚ್ಚಳಗಳು. ನೋಡಿಕೊಂಡು ಸುಮ್ಮನಿರಲು ನನಗೆ ಯಾರೂ ಕಲಿಸಿಲ್ಲ. ಒಂದು ದಿನ ತೊಳೆದೆ, ಮರುದಿನವೂ ತೊಳೆದೆ, ಮೂರನೆಯ ದಿನದಿಂದ ಅದು ನನ್ನ ಕೆಲಸವಾಯಿತು. ಮೊದಲು ಕೆಲಸದ ಹೆಂಗಸು, ಒಬ್ಬ ಚೇಚಿ, ಬಂದು ತೊಳೆದುಕೊಡುತ್ತಿದ್ದಳಂತೆ. ನಾನು ಬರುವ ಹೊತ್ತಿಗೆ ಅವಳು ನಿಂತಿದ್ದಳು. ಯಾಕೆಂದು ಕೇಳಿದ್ದಕ್ಕೆ ಆದರ್ಶ್ ಮೊಬೈಲಿನಿಂದ ತಲೆ ಎತ್ತದೆ, “ಅವ್ಳಿಗೆ ಬೇರೆ ಕಡೆ ಸಿಕ್ಕಿತು ಅಮ್ಮ” ಎಂದ.

ಅಡುಗೆಮನೆಯ ಕಿಟಕಿಯಿಂದ ಮೆಟ್ರೋ ಹೋಗುವುದು ಕಾಣುತ್ತದೆ. ನಾನು ಕುಕ್ಕರಿನ ಗ್ಯಾಸ್ಕೆಟ್ ತಿಕ್ಕುತ್ತ ಅದರೊಳಗೆ ಕೂತು ಹೋಗುವವರನ್ನು ನೋಡುತ್ತಿದ್ದೆ. ಕಚೇರಿಗೆ ಹೋಗುವ ಹೆಂಗಸರು, ತಲೆ ಬಾಚಿ, ಬ್ಯಾಗು ಹಾಕಿ. ನಾನೂ ಹಾಗೆ ಹೋದವಳೇ. ಪಿಂಚಣಿ ಬರುವುದೂ ಹಾಗೆ ಹೋಗಿದ್ದಕ್ಕೇ.

ಹರ್ಷಿತಾಳ ವಿಷಯ ನನಗೆ ಅರ್ಥವಾಗುತ್ತಿರಲಿಲ್ಲ. ಬಾಯಲ್ಲಿ ‘ಅತ್ತೆ, ಅತ್ತೆ’ ಎಂದು ಮರ್ಯಾದೆಗೇನೂ ಕಡಿಮೆಯಿಲ್ಲ. ಆದರೆ ಅವಳು ಕಾಫಿ ಕುಡಿದ ಮಗ್ಗನ್ನು ತಾನೇ ತೊಳೆದು ನನ್ನ ಪಾತ್ರೆಗಳಿಂದ ಮಾರು ದೂರದಲ್ಲಿ, ಫ್ರಿಜ್ಜಿನ ಮೇಲೆ ಕವುಚಿ ಇಡುತ್ತಿದ್ದಳು. ಅಪೂರ್ವಾ ಒಂದು ದಿನ ಉಂಡ ಚಮಚವನ್ನು ಅನ್ನದ ಪಾತ್ರೆಯ ಪಕ್ಕದಲ್ಲಿ ಇಟ್ಟದ್ದಕ್ಕೆ ಅದರ ಕೈಯ ಮೇಲೆ ಪಟ್ಟನೆ ಹೊಡೆದಳು. ನಾನು ತೊಳೆದಿಟ್ಟದ್ದರ ಜೊತೆ ತನ್ನ ಮಗ್ಗು ಸೇರಬಾರದಷ್ಟು ನನ್ನ ಕೈ ಗಲೀಜೇ ಎಂದು ನನಗೆ ಒಳಗೊಳಗೇ ಸಿಟ್ಟು. ಅವಳಿಗೂ ನನ್ನ ಮೇಲೆ ಏನೋ ಸಿಟ್ಟಿತ್ತು, ಕಪಾಟಿನ ಬಾಗಿಲು ಹಾಕುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಹೀಗೆ ಇಬ್ಬರೂ ಮುಖ ಊದಿಸಿಕೊಂಡೇ ದಿನ ತಳ್ಳುತ್ತಿದ್ದೆವು.

ಆಗ ಸಿಂಕಿನ ಅಡಿಯಲ್ಲಿ ನೀರು ಸೋರಿತು. ಕಟ್ಟಡದ ಪ್ಲಂಬರ್ ವಿನ್ಸೆಂಟ್ ಬಂದ. ಸಿಂಕಿನ ಪಕ್ಕದಲ್ಲಿ ಕಪಾಟುಗಳ ನಡುವೆ ಒಂದು ದೊಡ್ಡ ಖಾಲಿ ಜಾಗವಿತ್ತು, ಅದರಲ್ಲಿ ನೀರುಳ್ಳಿ ಬಟಾಟೆಯ ಬುಟ್ಟಿ ಇರುತ್ತಿತ್ತು. ವಿನ್ಸೆಂಟ್ ಬುಟ್ಟಿ ಎಳೆದಾಗ ಹಿಂದೆ ಗೋಡೆಯಲ್ಲಿ ಹೊಸ ನಲ್ಲಿ, ಮುಚ್ಚಿದ ಪೈಪಿನ ಬಾಯಿ, ದೊಡ್ಡ ಪ್ಲಗ್ಗು ಹಾಕುವ ಸ್ವಿಚ್ಚು ಕಾಣಿಸಿದವು. ಇದೆಲ್ಲ ಎಂತದು ಎಂದು ಮಲಯಾಳಂನಲ್ಲಿ ಕೇಳಿದೆ.

ಅವನು ನೆಲದ ಮೇಲೆ ಮಲಗಿಕೊಂಡೇ ಹೇಳಿದ. ಮೇಡಂ ಡಿಶ್‌ವಾಷರ್ ಬುಕ್ ಮಾಡಿದ್ದರಂತೆ. ಅಳತೆ ನೋಡಿ ಕಪಾಟು ಬಿಚ್ಚಿಸಿ, ನಲ್ಲಿ, ಪೈಪು ಎಲ್ಲ ಅವನೇ ಮಾಡಿಕೊಟ್ಟಿದ್ದನಂತೆ. ಯಂತ್ರ ಬರುವ ಹಿಂದಿನ ದಿನ ಸಾರ್ ಕ್ಯಾನ್ಸಲ್ ಮಾಡಿದರಂತೆ. ಅಮ್ಮ ಬರುತ್ತಾರೆ, ಅಮ್ಮನಿಗೆ ಅದೆಲ್ಲ ಆಗುವುದಿಲ್ಲ ಅಂದರಂತೆ.

“ಯಾವ ಅಮ್ಮ?” ಎಂದೆ.

ವಿನ್ಸೆಂಟ್ ಸಿಂಕಿನ ಅಡಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದ. ಇನ್ಯಾವ ಅಮ್ಮ, ನೀವೇ ಎಂದು ನಕ್ಕ. ನಿಮ್ಮಲ್ಲಿ ಉಂಡ ತಟ್ಟೆಯೂ ಅನ್ನ ಬೇಯಿಸಿದ ಪಾತ್ರೆಯೂ ಒಟ್ಟಿಗೆ ಸೇರಬಾರದಂತಲ್ಲ ಎಂದೂ ಸೇರಿಸಿದ. ನನ್ನ ಮಡಿಯ ಸುದ್ದಿ ವೈಟ್ಟಿಲದ ಪ್ಲಂಬರನವರೆಗೂ ತಲುಪಿತ್ತು.

ಅವನು ಹೋದ ಮೇಲೆ ನಾನು ಒಂದು ಲೋಟ ನೀರು ಕುಡಿದು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಇಲ್ಲಿ ಆ ಮಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಉಂಡ ತಟ್ಟೆ ಎಂಜಲು, ಅನ್ನ ಬೆಂದ ಪಾತ್ರೆ ಮುಸುರೆ. ಎರಡೂ ತೊಳೆಯಬೇಕಾದವೇ, ಆದರೆ ಒಂದು ಇನ್ನೊಂದಕ್ಕೆ ತಾಗಕೂಡದು, ಒಂದೇ ನೀರಿನಲ್ಲಿ ಮುಳುಗಕೂಡದು. ಇದು ನನ್ನ ಅತ್ತೆಯ ಕ್ರಮ. ಅತ್ತೆ ಹೋದ ಮೇಲೆ ನನ್ನ ಗಂಡನ ಕ್ರಮವಾಯಿತು. ಯಜ್ಞನಾರಾಯಣರು ಬ್ಯಾಂಕಿನ ಯೂನಿಯನ್ನಿನಲ್ಲಿ ಸಮಾನತೆಯ ಭಾಷಣ ಬಿಗಿಯುತ್ತಿದ್ದವರು, ಹೋಟೆಲಿನಲ್ಲಿ ಯಾರು ತೊಳೆದ ತಟ್ಟೆಯಲ್ಲೂ ಪೊರೋಟ ತಿನ್ನುತ್ತಿದ್ದವರು. ಮನೆಗೆ ಬಂದರೆ ಮಾತ್ರ ಅವರಿಗೆ ಎರಡು ನೀರು ಬೇಕು. ಚಾಲೈ ಬೀದಿಯಿಂದ ಅವರೇ ಎರಡು ಪ್ಲಾಸ್ಟಿಕ್ ಟಬ್ಬು ತಂದುಕೊಟ್ಟರು, ನೀಲಿಯದು ಎಂಜಲಿಗೆ, ಹಸಿರಿನದು ಮುಸುರೆಗೆ. ತಂದುಕೊಟ್ಟರು ಅಷ್ಟೆ. ಆ ಟಬ್ಬುಗಳೊಳಗೆ ಅವರ ಕೈ ಒಂದು ದಿನವೂ ಇಳಿಯಲಿಲ್ಲ.

ಕಚೇರಿಯಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು ನಾನು ಎರಡು ಟಬ್ಬಿನಲ್ಲಿ ಎರಡು ಸಲ ತೊಳೆದೆ. ಆದರ್ಶ್ ಹುಟ್ಟಿ ಬೆಳೆದು ಕಣ್ಣು ಬಿಟ್ಟು ನೋಡಿದ್ದೂ ಅದನ್ನೇ: ಅಮ್ಮ ಎರಡು ಟಬ್ಬಿನ ನಡುವೆ. ಅಪ್ಪ ಹಜಾರದಲ್ಲಿ ಪೇಪರು ಓದುತ್ತಿರುತ್ತಿದ್ದರು. ಹಾಗಾಗಿ ಆ ಕ್ರಮ ಅಮ್ಮನದೇ ಎಂದು ಅವನು ತಿಳಿದ. ಯಾರು ಬೆನ್ನು ಬಗ್ಗಿಸಿ ಪಾಲಿಸುತ್ತಾರೋ ಅವರದೇ ನಿಯಮ ಎಂದು ನಮ್ಮಲ್ಲಿ ಎಲ್ಲರೂ ತಿಳಿಯುತ್ತಾರೆ. ಗಂಡ ಹೋದ ಮೇಲೆ ಆ ಎರಡು ಟಬ್ಬುಗಳಲ್ಲಿ ನಾನು ಬಾಲ್ಕನಿಯಲ್ಲಿ ಬಸಳೆ ಹಾಕಿದೆ, ಎಂಜಲೂ ಮುಸುರೆಯೂ ಒಂದೇ ಸಿಂಕಿನಲ್ಲಿ ಬಿದ್ದವು, ಆಕಾಶವೇನೂ ಕಳಚಿ ಬೀಳಲಿಲ್ಲ. ಇದನ್ನು ಯಾರೂ ಕೇಳಲಿಲ್ಲ, ಆದ್ದರಿಂದ ನಾನು ಹೇಳಿರಲಿಲ್ಲ.

ಆ ಸಂಜೆ ಹರ್ಷಿತಾ ಕೆಲಸದಿಂದ ಬಂದಳು. ಕಾಫಿ ಕುಡಿದು ಮಗ್ಗು ತೊಳೆದು ಫ್ರಿಜ್ಜಿನ ಮೇಲಿಡಲು ಕೈ ಎತ್ತಿದಳು.

“ಅದನ್ನು ಇಲ್ಲೇ ಇಡು ಮಾರಾಯ್ತಿ. ನನ್ನ ಕೈಯಲ್ಲಿ ಎಂತ ಹುಳ ಉಂಟಾ?” ಎಂದೆ.

ಅವಳ ಮುಖ ಕೆಂಪಾಯಿತು. “ಅತ್ತೆ, ನಿಮಗೆ ಆಗಲ್ಲ ಅಂತ ತಾನೆ ನಾನು ಎಲ್ಲಾ ದೂರ ಇಡ್ತಿರೋದು? ಎಂಜಲು ತಾಗಬಾರ್ದು ಅಂತ ಬರೋಕೆ ಮುಂಚೇನೇ ಹೇಳಿದ್ರಂತಲ್ಲ. ಚೇಚಿ ತೊಳೆದ್ರೂ ಆಗಲ್ಲ ಅಂದ್ರಂತೆ, ಅವಳನ್ನೂ ಇವರು ಬಿಡಿಸಿದ್ರು. ನಾನು ಆಸೆಪಟ್ಟು ಆರಿಸಿದ ಮಷೀನ್ ಅತ್ತೆ ಅದು! ಒಂದು ವರ್ಷ ಇವರ ಹತ್ರ ಜಗಳ ಆಡಿ ಒಪ್ಪಿಸಿದ್ದೆ. ನಿಮ್ಮ ಮಡಿಗೋಸ್ಕರ ಬಿಟ್ಟೆ. ಇನ್ನೇನ್ ಮಾಡ್ಬೇಕು ನಾನು?”

“ನಾನು ಯಾರ ಹತ್ರ ಹೇಳಿದ್ದು?”

“ಆದರ್ಶ್ ಹತ್ರ.”

“ಯಾವಾಗ?”

ನಾನು ಹಾಗೆ ಹೇಳಿದ್ದನ್ನು ಅವಳು ತನ್ನ ಕಿವಿಯಾರೆ ಕೇಳಿರಲಿಲ್ಲ. ನಾನು ವಿನ್ಸೆಂಟ್ ಹೇಳಿದ್ದನ್ನು ಹೇಳಿದೆ, ಎರಡು ಟಬ್ಬಿನ ಕಥೆ ಹೇಳಿದೆ, ಬಸಳೆಯ ವಿಷಯವನ್ನೂ ಹೇಳಿದೆ. ಅವಳು ಮಗ್ಗನ್ನು ಕೈಯಲ್ಲಿ ಹಿಡಿದುಕೊಂಡೇ ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಗುವಿನ ನೀರಲ್ಲವೆಂದು ನನಗೆ ತಿಳಿಯಿತು.

“ಎರಡು ತಿಂಗಳಿಂದ ನಿಮ್ಮನ್ನ ಮನಸ್ಸಲ್ಲೇ ಬೈಕೊಂಡು ಓಡಾಡ್ತಿದ್ದೀನಿ ಅತ್ತೆ” ಎಂದಳು.

“ನಾನು ಎಂತ, ಸುಮ್ಮನೆ ಇದ್ದದ್ದಾ? ನಾನೂ ಬೈದೆ” ಎಂದೆ.

ಅವಳ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಇಳಿದದ್ದು ಸುಮ್ಮನೆ ಹೋಗಲಿಲ್ಲ, ನೇರವಾಗಿ ನನ್ನ ಮಗನ ತಲೆಯ ಮೇಲೆ ಹೋಗಿ ಕೂತಿತು. ಹರ್ಷಿತಾ ಆಗಲೇ ಅವನಿಗೆ ಫೋನು ಮಾಡಿ ದಬಾಯಿಸುವವಳಿದ್ದಳು. ನಾನು ತಡೆದೆ. ಫೋನಿನಲ್ಲಿ ಅವನು ಮೀಟಿಂಗಿನಲ್ಲಿದ್ದೇನೆ ಎಂದು ನುಣುಚಿಕೊಳ್ಳುತ್ತಾನೆ. ಎದುರು ಕೂರಿಸಿಯೇ ಕೇಳಬೇಕು.

ಭಾನುವಾರ ಮಧ್ಯಾಹ್ನ ಸೌತೆಕಾಯಿ ಹುಳಿ, ಪಲ್ಯ, ಕುಚ್ಚಲಕ್ಕಿ ಅನ್ನ ಮಾಡಿದೆ. ನಾಲ್ವರೂ ಮೇಜಿಗೆ ಕೂತೆವು. ನಾನು ನನ್ನ ಮುಂದೆ ತಟ್ಟೆ ಇಟ್ಟುಕೊಳ್ಳಲಿಲ್ಲ. ಮೂವರಿಗೂ ಬಡಿಸಿ, ಅನ್ನ ಬೇಯಿಸಿದ ಪಾತ್ರೆಯನ್ನೇ ನನ್ನ ಮುಂದಕ್ಕೆ ಎಳೆದುಕೊಂಡೆ. ಅದರೊಳಗೇ ಹುಳಿ ಸುರಿದೆ. ಬಲಗೈ ಹಾಕಿ ಕಲಸಿ ಒಂದು ತುತ್ತು ಬಾಯಿಗಿಟ್ಟೆ.

ಆದರ್ಶನ ಕೈ ಅರ್ಧದಲ್ಲಿ ನಿಂತಿತು. “ಅಮ್ಮಾ! ಎಂತ ಮಾಡುದು ನೀನು? ಅದು ಅನ್ನದ ಪಾತ್ರೆ!”

“ಗೊತ್ತುಂಟು. ನಾನೇ ಬೇಯಿಸಿದ್ದು.”

“ಎಂಜಲು ಮಾಡಿದಿಯಲ್ಲ ಎಲ್ಲ! ಇನ್ನು ಆ ಅನ್ನ ಯಾರು ಉಣ್ಣುದು?”

“ನಾನು ಉಣ್ತೇನೆ. ನಂಗೆ ಎಂತ ತೊಂದರೆಯೂ ಇಲ್ಲ. ಹರ್ಷಿತಾ, ನಿನಗೆ ಬೇಕಾ?”

ಹರ್ಷಿತಾ ಎದ್ದು ನಿಂತು, ತಾನು ಉಂಡ ಕೈಯನ್ನೇ ಅದೇ ಪಾತ್ರೆಗೆ ಹಾಕಿ ಒಂದು ತುತ್ತು ತೆಗೆದುಕೊಂಡಳು. ಅಪೂರ್ವಾಗೆ ಇದು ಆಟ ಎನಿಸಿತು. “ಎನಿಕ್ಕುಂ ವೇಣಂ”, ನನಗೂ ಬೇಕು ಎಂದು ಅದೂ ಕೈ ಚಾಚಿತು, ನಾನು ಒಂದು ತುತ್ತು ಮಾಡಿ ಕೊಟ್ಟೆ. ಆದರ್ಶ್ ಮಾತ್ರ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಕೂತಿದ್ದ. ಅವನ ಮುಖದಲ್ಲಿ ಹೇಸಿಗೆ ಇತ್ತು, ಅವನ ಅಪ್ಪನ ಮುಖದಲ್ಲಿ ನಾನು ಎಷ್ಟೋ ಸಲ ನೋಡಿದ ಅದೇ ಹೇಸಿಗೆ.

“ಈಗ ನೋಡು. ಈ ಮೇಜಿನಲ್ಲಿ ಎಂಜಲು ಮುಸುರೆ ಆಗದವ ಒಬ್ಬನೇ ಇರುದು. ಅದು ನೀನು” ಎಂದೆ. “ಆಗುದಿಲ್ಲ ಅಂತಾದ್ರೆ ನಿನ್ನ ಹೆಸರಲ್ಲಿ ಹೇಳು. ನನ್ನ ಹೆಸರು ಯಾಕೆ ಹೇಳಿದ್ದು?”

ಅವನಿಗೆ ಎಲ್ಲ ಅರ್ಥವಾಯಿತು. ಹೆಂಡತಿಯ ಮುಖ ನೋಡಿದ, ಅಲ್ಲಿ ಆಸರೆ ಸಿಗಲಿಲ್ಲ. “ನೀನು ಯಾವಾಗಲೂ ಹಾಗೇ ಮಾಡಿದ್ದಲ್ವಾ ಅಮ್ಮ? ಸಣ್ಣದಿರುವಾಗಿಂದ ನೋಡಿದ್ದೇನೆ. ನಿನಗೆ ಬೇಜಾರಾಗ್ಬಾರ್ದು ಅಂತ…”

“ಬೇಜಾರಾಗ್ತದಾ ಅಂತ ಕೇಳ್ಬಹುದಿತ್ತು. ಫೋನು ದಿನಾ ಮಾಡ್ತಿದ್ದೆ ಅಲ್ವಾ?”

“ಕೇಳಿದ್ರೆ ನೀನು ಇಲ್ಲ ಅಂತಿದ್ದೆ, ನನಗೋಸ್ಕರ.” ಅವನು ತಡವರಿಸಿದ. ಆಮೇಲೆ, ಜಗಳದಲ್ಲಿ ಸೋಲುವವರು ಮಾಡುವ ಹಾಗೆ, ನಿಜವನ್ನೇ ಹೇಳಿಬಿಟ್ಟ. “ಅಲ್ಲ, ನಾಲ್ಕು ಜನರ ಪಾತ್ರೆಗೆ ಅಷ್ಟು ದೊಡ್ಡ ಮಷೀನು ಎಂತಕ್ಕೆ ಹೇಳು? ಅಡುಗೆಮನೆ ಪೂರ್ತಿ ಅದೇ ಹಿಡಿತದೆ. ಹೇಗೂ ನೀನು ಬರ್ತಿ. ಇಡೀ ದಿನ ಒಬ್ಳೇ ಕೂತಿರ್ಬೇಕು, ನಿನಗೂ ಸ್ವಲ್ಪ ಹೊತ್ತು ಹೋಗ್ತದೆ ಅಂತ…”

ಹರ್ಷಿತಾ “ಆದರ್ಶ್!” ಎಂದಳು, ಆದರೆ ಮಾತು ಆಗಲೇ ಹೊರಗೆ ಬಿದ್ದಾಗಿತ್ತು. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದು ನನಗೆ ಗೊತ್ತು. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಇವನು ಪ್ರೀತಿಯಿಂದಲೇ, ನನ್ನ ಒಳ್ಳೆಯದಕ್ಕೆಂದೇ, ಆ ಖಾಲಿ ಜಾಗದಲ್ಲಿ ನನ್ನನ್ನು ಅಳತೆಗೆ ಸರಿಯಾಗಿ ಕೂರಿಸಿದ್ದ. ನನಗೆ ದುಃಖ ಉಕ್ಕಿ ಬಂತು. ಅಳುವುದಿಲ್ಲ ಎಂದು ಹಲ್ಲು ಕಚ್ಚಿದೆ.

“ಒಂದು ಮಾತು ಕೇಳ್ತೇನೆ, ಸರಿಯಾಗಿ ಯೋಚನೆ ಮಾಡಿ ಹೇಳು” ಎಂದೆ. “ನಾಳೆಯೇ ಆ ಮಷೀನು ಬಂತು ಅಂತ ಇಟ್ಟುಕೋ. ಆಮೇಲೆ ನಾನು ಇಲ್ಲಿ ಎಂತಕ್ಕೆ?”

ಅಮ್ಮ ಅಂದರೆ ಅಮ್ಮ, ಅದಕ್ಕೇನು ಕಾರಣ ಬೇಕು ಎಂದು ಅವನು ಥಟ್ಟನೆ ಹೇಳಿಬಿಡಬಹುದಿತ್ತು. ನಾನು ಅದನ್ನೇ ಕಾದೆ. ಆದರೆ ನನ್ನ ಮಗ ಮುಖ ನೋಡಿಕೊಂಡು ಸುಳ್ಳು ಹೇಳಲು ಬಾರದವನು. ಅವನು ಯೋಚನೆ ಮಾಡಿದ. ಯೋಚನೆ ಮಾಡಿದನಲ್ಲ, ಅಷ್ಟೇ ಸಾಕಾಯಿತು ನನಗೆ.

ಪಾತ್ರೆಯಲ್ಲಿದ್ದ ಅನ್ನವನ್ನು ಪೂರ್ತಿ ಉಂಡೆ. ಅನ್ನದ ಮೇಲೆ ಸಿಟ್ಟು ತೋರಿಸುವ ಜನ ನಾವಲ್ಲ. ಆಮೇಲೆ ಪಾತ್ರೆಯನ್ನು ಅಲ್ಲೇ ಬಿಟ್ಟು ಕೈ ತೊಳೆದು, ನನ್ನ ಬ್ಯಾಗಿಗೆ ಸೀರೆಗಳನ್ನು ಮಡಿಸಿ ಹಾಕತೊಡಗಿದೆ. ಆದರ್ಶ್ ಬಾಗಿಲಲ್ಲಿ ನಿಂತು, “ಇಷ್ಟು ಸಣ್ಣ ವಿಷಯಕ್ಕಾ ಅಮ್ಮ?” ಎಂದ. ಸಣ್ಣ ವಿಷಯವಾಗಿದ್ದರೆ ಅವನೇ ತೊಳೆಯುತ್ತಿದ್ದ ಎಂದೆ. ಹರ್ಷಿತಾ ಮಾತ್ರ ತಡೆಯಲಿಲ್ಲ. ಕಾರು ತೆಗೆದು ನನ್ನನ್ನು ವೈಟ್ಟಿಲದ ಬಸ್ಸು ನಿಲ್ದಾಣಕ್ಕೆ ಬಿಟ್ಟಳು, ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು ಕೂರಿಸಿದಳು, ಕೆಳಗೆ ನಿಂತು ಬಸ್ಸು ಹೊರಡುವವರೆಗೂ ಕೈ ಬೀಸಿದಳು.

ಶ್ರೀಕಾರ್ಯಂನಲ್ಲಿ ಇಳಿದು ನನ್ನ ಬಾಗಿಲು ತೆರೆದಾಗ ಒಳಗೆ ಮುಗ್ಗಿದ ವಾಸನೆ, ಬಾಲ್ಕನಿಯಲ್ಲಿ ಬಸಳೆ ಒಣಗಿ ಕಡ್ಡಿಯಾಗಿತ್ತು. ಕಿಟಕಿಗಳನ್ನೆಲ್ಲ ತೆರೆದೆ. ಮರುದಿನ ಅಭಿಜಿತ್‌ಗೆ ಫೋನು ಮಾಡಿ, ಮನೆ ಕೊಡುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದೆ. ಪಾಪದ ಹುಡುಗ, ಏನು ತಪ್ಪಾಯಿತೆಂದು ಕೇಳಿದ. ನಿಮ್ಮದೇನೂ ಇಲ್ಲ, ಇಲ್ಲಿ ಒಂದು ಕುಟುಂಬ ವಾಸ ಮಾಡುತ್ತಾ ಇದೆ ಎಂದೆ. ಯಾರೆಲ್ಲ ಎಂದ. ನಾನು ಎಂದೆ.

ಎದುರುಮನೆಯ ಕಮಲ ಟೀಚರು ಸುಮ್ಮನಿರುವವರಲ್ಲ. ಈ ವಯಸ್ಸಿನಲ್ಲಿ ಮಗನ ಮನೆ ಬಿಟ್ಟು ಬರುವುದೇ, ಅದೂ ಪಾತ್ರೆ ತೊಳೆಯುವ ವಿಷಯಕ್ಕೆ, ಜನ ಏನೆನ್ನುತ್ತಾರೆ ಎಂದು ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದರು. ಜನ ಏನು ಬೇಕಾದರೂ ಅನ್ನಲಿ, ಅವರ ಪಾತ್ರೆಯನ್ನು ನಾನು ತೊಳೆಯುತ್ತಿಲ್ಲವಲ್ಲ ಎಂದೆ. ಆದರ್ಶ್ ದಿನಾ ಫೋನು ಮಾಡುತ್ತಿದ್ದ. ಊಟ ಆಯಿತಾ, ಮಾತ್ರೆ ತಗೊಂಡಿಯಾ ಎಂದು ಕೇಳುತ್ತಿದ್ದ. ನಾನು ಚೆನ್ನಾಗಿಯೇ ಮಾತಾಡುತ್ತಿದ್ದೆ, ವಾಪಸ್ಸು ಬರುವ ಮಾತು ತೆಗೆದರೆ ಮಾತ್ರ ಮಳೆಯ ಸುದ್ದಿ ಎತ್ತುತ್ತಿದ್ದೆ. ಒಮ್ಮೊಮ್ಮೆ ಅಪೂರ್ವಾಳನ್ನು ನೆನೆದು ಕರುಳು ಹಿಂಡುತ್ತಿತ್ತು. ಅದನ್ನು ಅವನಿಗೆ ಹೇಳಲಿಲ್ಲ. ಹೇಳಿದರೆ ಅದನ್ನೂ ಕಾರಣ ಮಾಡಿಕೊಂಡಾನು.

ಒಂದು ದಿನ ಹರ್ಷಿತಾಳ ಫೋನು. “ಬಂತು ಅತ್ತೆ! ವಿನ್ಸೆಂಟ್ ಈಗ ತಾನೇ ಫಿಟ್ ಮಾಡಿ ಹೋದ್ರು. ಈರುಳ್ಳಿ ಬುಟ್ಟೀನ ಇವರು ಮನೇಲಿ ಆಫೀಸ್ ಕೆಲಸ ಮಾಡೋ ಟೇಬಲ್ ಕೆಳಗೆ ಇಟ್ಟಿದ್ದೀನಿ.” ಹಿಂದಿನಿಂದ ಯಂತ್ರದ ಗುಂಯ್ ಸದ್ದು ಕೇಳುತ್ತಿತ್ತು. ನನಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. “ಅಪೂರ್ವಾ ಬರ್ತ್‌ಡೇಗೆ ಬರ್ಲೇಬೇಕು ನೀವು” ಎಂದಳು.

“ಬರ್ತೇನೆ. ಆದ್ರೆ ನೆಂಟಳಾಗಿ ಬರುದು. ನಾಲ್ಕು ದಿನ ಇದ್ದು ವಾಪಸ್ಸು” ಎಂದೆ. ಅವಳು ಹೂಂ ಎಂದಳು.

ನೆಂಟರ ವಿಷಯದಲ್ಲಿ ನಮ್ಮ ಕಡೆ ಒಂದು ಕ್ರಮ ಇದೆ. ನೆಂಟರು ಉಂಡ ಎಲೆಯನ್ನು ನೆಂಟರು ತೆಗೆಯಕೂಡದು, ಅದು ಮನೆಯವರ ಮರ್ಯಾದೆಯ ಪ್ರಶ್ನೆ. ಆದರೆ ಈ ಕ್ರಮವೂ ಗಂಡಸರಿಗೇ. ಹೆಂಗಸು ನೆಂಟಳಾಗಿ ಹೋದರೂ ಉಂಡ ಕೂಡಲೇ ಸೆರಗು ಸಿಕ್ಕಿಸಿ ಒಳಗೆ ನಡೆಯುತ್ತಾಳೆ, ಆ ಮನೆಯವಳ ಜೊತೆ ಪಾತ್ರೆಗೆ ಕೈ ಹಾಕುತ್ತಾಳೆ. ನಾನು ಎಷ್ಟು ಮದುವೆ, ಎಷ್ಟು ತಿಥಿಗೆ ಹೋಗಿಲ್ಲ! ಬುದ್ಧಿ ಬಂದಂದಿನಿಂದ ನಾನು ಉಂಡದ್ದನ್ನು ನಾನೇ ಎತ್ತಿದ್ದೇನೆ. ಕೆಲಸದವಳು ಎತ್ತಿರಬಹುದು, ಜ್ವರ ಬಂದಾಗ ನನ್ನ ಅಮ್ಮ ಎತ್ತಿರಬಹುದು. ಗಂಡಸೊಬ್ಬ ಎತ್ತಿದ್ದು ಇಲ್ಲ.

ಹುಟ್ಟುಹಬ್ಬದ ದಿನ ಹೊಸ ಸೀರೆ ಉಟ್ಟು ಮೇಜಿಗೆ ಕೂತೆ. ಬೆಳಿಗ್ಗೆ ಹರ್ಷಿತಾ ಯಂತ್ರ ತುಂಬಿಸುವುದನ್ನು ಹತ್ತಿರ ನಿಂತು ನೋಡಿದ್ದೆ. ಲೋಟಗಳು ಮೇಲೆ, ತಟ್ಟೆಗಳು ಕೆಳಗೆ, ಮುಖ ನಡುವಿಗೆ. ಅಡುಗೆ ಅವಳದು, ಬಿಸಿಬೇಳೆ ಬಾತು, ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಆದರ್ಶ್ ನನ್ನೊಡನೆ ಸ್ವಲ್ಪ ಅಂಜಿಕೊಂಡೇ ಮಾತಾಡುತ್ತಿದ್ದ. ಊಟ ಮುಗಿಯಿತು. ಹರ್ಷಿತಾ ತನ್ನ ತಟ್ಟೆ ಎತ್ತಿಕೊಂಡು ಹೋದಳು, ಅಪೂರ್ವಾ ತನ್ನದು ಎತ್ತಿಕೊಂಡು ಹೋಯಿತು. ನಾನು ಎದ್ದು ಕೈ ತೊಳೆದೆ. ನನ್ನ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು, ಹಜಾರಕ್ಕೆ ಬಂದು ಫ್ಯಾನಿನ ಕೆಳಗೆ ಕೂತೆ, ಪೇಪರು ಕೈಗೆತ್ತಿಕೊಂಡೆ.

ಹೇಳುತ್ತೇನೆ, ಅದು ಸುಲಭವಿರಲಿಲ್ಲ. ಕಾಲು ತಾನಾಗಿ ಏಳುತ್ತಿತ್ತು. ಆ ತಟ್ಟೆಯ ಅಂಚಿನಲ್ಲಿ ಕರಿಬೇವು, ಒಣಗುತ್ತಿರುವ ಅನ್ನದ ಅಗುಳು, ಎಲ್ಲ ನನ್ನ ಬೆನ್ನಿಗೆ ಕಾಣಿಸುತ್ತಿತ್ತು. ಮಲಯಾಳಂ ಪೇಪರಿನ ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ಅಡುಗೆಮನೆಯಿಂದ ಹರ್ಷಿತಾ ಬಂದು ಮೇಜು ನೋಡಿದಳು, ನನ್ನನ್ನು ನೋಡಿದಳು, ಆ ತಟ್ಟೆಯನ್ನು ಮುಟ್ಟದೆ ಮಗಳ ಕೈ ಹಿಡಿದುಕೊಂಡು ಬಾಲ್ಕನಿಗೆ ನಡೆದಳು.

ಮೇಜಿನ ಹತ್ತಿರ ಉಳಿದವನು ಆದರ್ಶ್ ಒಬ್ಬನೇ. ತುಂಬ ಹೊತ್ತಿನ ಮೇಲೆ ಕುರ್ಚಿ ಸರಿದ ಸದ್ದು ಕೇಳಿತು. ನಾನು ಪೇಪರಿನ ಮರೆಯಲ್ಲೇ ಕತ್ತು ತಿರುಗಿಸಿ ನೋಡಿದೆ. ಅವನು ನನ್ನ ತಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದ, ಜಾರಿತು, ಮತ್ತೆ ಕೈ ಪೂರ್ತಿ ಹಾಕಿ ಹಿಡಿದ. ನನ್ನ ಎಂಜಲು ಅವನ ಹೆಬ್ಬೆರಳಿಗೆ ಮೆತ್ತಿಕೊಂಡಿತು. ಅವನು ಅದನ್ನು ನೋಡಿದ, ಒರೆಸಿಕೊಳ್ಳಲಿಲ್ಲ. ಹಾಗೇ ಅಡುಗೆಮನೆಗೆ ನಡೆದ.

ಯಂತ್ರದ ಬಾಗಿಲು ತೆರೆದ ಸದ್ದು ಕೇಳಿತು. ಆಮೇಲೆ ಅವನ ದನಿ.

“ಅಮ್ಮಾ, ಇದು ಮೇಲಿನದಕ್ಕಾ, ಕೆಳಗಿನದಕ್ಕಾ?”

ಪೇಪರಿನ ಹಾಳೆ ತಿರುಗಿಸಿದೆ.

“ನಂಗೆ ಗೊತ್ತಿಲ್ಲ ಮಗಾ” ಎಂದೆ. “ನೀನೇ ನೋಡು.”